ಹೆಸರು ಹೊತ್ತ ಪಾದರಕ್ಷೆ: ಏರ್ ಜೋರ್ಡನ್ ಮತ್ತು ಅದರ ಬೆಲೆ

ಪಾದರಕ್ಷೆಯ ಕೆಲಸ ಕಾಲನ್ನು ಕಾಯುವುದು. ಆದರೆ ಅಮೆರಿಕದಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರರ ಹೆಸರು ಹೊತ್ತ ಶೂಗಳು ಆ ಸೀಮೆಯನ್ನು ದಾಟಿ ಬಹುಕಾಲವಾಯಿತು. ಹೊಸ ಮಾದರಿ ಮಾರುಕಟ್ಟೆಗೆ ಬರುವ ದಿನ ಯುವಕರು ರಾತ್ರಿಯಿಡೀ ಅಂಗಡಿಯ ಮುಂದೆ ಸರದಿಯಲ್ಲಿ ನಿಂತಿದ್ದಾರೆ. ಕೊಂಡ ಶೂವನ್ನು ಒಮ್ಮೆಯೂ ತೊಡದೆ ಪೆಟ್ಟಿಗೆಯಲ್ಲಿಯೇ ಕಾಪಾಡುವವರಿದ್ದಾರೆ. ಮೈಕೆಲ್ ಜೋರ್ಡನ್ 1998ರ ಫೈನಲ್ಸ್ ಪಂದ್ಯವೊಂದರಲ್ಲಿ ಧರಿಸಿದ್ದ ಒಂದು ಜೊತೆ ಶೂ 2023ರ ಹರಾಜಿನಲ್ಲಿ 22 ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು.

ಚರ್ಮ, ರಬ್ಬರು ಮತ್ತು ದಾರಗಳಿಂದಾದ ವಸ್ತುವಿಗೆ ಇಂತಹ ಮಹತ್ವ ಬಂದುದು ಹೇಗೆ? ಇದರಲ್ಲಿ ವಿನ್ಯಾಸದ ಪಾಲೆಷ್ಟು, ಹೆಸರಿನ ಪಾಲೆಷ್ಟು? ಅದಕ್ಕಾಗಿ ಬೆಲೆ ತೆತ್ತವರು ಯಾರು?

ಹೆಸರಿನ ಮೊದಲ ಮುದ್ರೆ

ಒಬ್ಬ ಆಟಗಾರನ ಹೆಸರಿನಲ್ಲಿ, ಸಾಮಾನ್ಯವಾಗಿ ಆತನಿಗೆಂದೇ ರೂಪಿಸಿ ಮಾರುವ ಶೂವನ್ನು ಸಿಗ್ನೇಚರ್ ಶೂ ಎನ್ನುತ್ತಾರೆ. ಈ ಪದ್ಧತಿ ಹಳೆಯದು. ಕಾನ್ವರ್ಸ್ ಕಂಪನಿಯ ಕ್ಯಾನ್ವಾಸ್ ಶೂ 'ಆಲ್ ಸ್ಟಾರ್' ಮೇಲೆ ಚಕ್ ಟೇಲರ್ ಅವರ ಹೆಸರು ಮೂಡಿದ್ದು 1930ರ ದಶಕದಲ್ಲಿ. ಟೇಲರ್ ಆಟಗಾರರೂ ಹೌದು, ಆ ಕಂಪನಿಯ ಮಾರಾಟ ಪ್ರತಿನಿಧಿಯೂ ಹೌದು. ಊರೂರು ಸುತ್ತಿ, ಮಕ್ಕಳಿಗೆ ಆಟ ಕಲಿಸುತ್ತ ಶೂ ಮಾರಿದವರು ಅವರು. 1973ರಲ್ಲಿ ಪ್ಯೂಮಾ ಕಂಪನಿಯು ನ್ಯೂಯಾರ್ಕ್ ನಿಕ್ಸ್ ತಂಡದ ವಾಲ್ಟ್ ಫ್ರೇಜಿಯರ್ ಅವರ ಅಡ್ಡಹೆಸರಿನಲ್ಲಿ 'ಕ್ಲೈಡ್' ಎಂಬ ಮೃದು ಚರ್ಮದ ಶೂ ಹೊರತಂದಿತು. ಉಡುಗೆ ತೊಡುಗೆಯ ಸೊಗಸಿಗೆ ಹೆಸರಾದ ಫ್ರೇಜಿಯರ್ ಅವರ ಈ ಶೂ ಅಂಗಣದಿಂದ ಬೀದಿಗೂ ಇಳಿಯಿತು.

ಆದರೆ ಈ ವ್ಯಾಪಾರದ ಸ್ವರೂಪವನ್ನೇ ಬದಲಿಸಿದ್ದು 1984ರ ಒಂದು ಒಪ್ಪಂದ.

ತಾಯಿಯ ಒತ್ತಾಯ

ಆಗ ನೈಕಿ ಮುಖ್ಯವಾಗಿ ಓಟದ ಶೂಗಳಿಂದ ಹೆಸರಾಗಿದ್ದ ಕಂಪನಿ. ಮ್ಯಾಜಿಕ್ ಜಾನ್ಸನ್, ಲ್ಯಾರಿ ಬರ್ಡ್ ಅವರಂತಹ ತಾರೆಯರು ಕಾನ್ವರ್ಸ್ ಧರಿಸುತ್ತಿದ್ದರು. ಆ ವರ್ಷ ಶಿಕಾಗೊ ಬುಲ್ಸ್ ತಂಡ ಸೇರಿದ 21 ವರ್ಷದ ಜೋರ್ಡನ್ ಅವರ ಮನಸ್ಸು ಅಡಿಡಾಸ್ ಕಡೆಗಿತ್ತು. ನೈಕಿಯವರ ಮಾತನ್ನೂ ಒಮ್ಮೆ ಕೇಳಿ ಬರಲೇಬೇಕೆಂದು ಒತ್ತಾಯಿಸಿದವರು ಅವರ ತಾಯಿ ಡಿಲೋರಿಸ್. ವರ್ಷಕ್ಕೆ ಸುಮಾರು 5 ಲಕ್ಷ ಡಾಲರಿನಂತೆ ಐದು ವರ್ಷಗಳ ಒಪ್ಪಂದವಾಯಿತೆಂದು ವರದಿಗಳಿವೆ. ವೃತ್ತಿಪರ ಲೀಗಿನಲ್ಲಿ ಇನ್ನೂ ಒಂದು ಪಂದ್ಯವನ್ನೂ ಆಡದ ತರುಣನಿಗೆ ಆ ಕಾಲದಲ್ಲಿ ಅದು ಬಹು ದೊಡ್ಡ ಮೊತ್ತ.

ಪೀಟರ್ ಮೂರ್ ವಿನ್ಯಾಸಗೊಳಿಸಿದ ಮೊದಲ ಏರ್ ಜೋರ್ಡನ್ 1985ರಲ್ಲಿ 65 ಡಾಲರ್ ಬೆಲೆಗೆ ಮಾರುಕಟ್ಟೆಗೆ ಬಂತು. ತಾಂತ್ರಿಕವಾಗಿ ಅದರಲ್ಲಿ ಮಹತ್ತರ ಹೊಸತನವಿರಲಿಲ್ಲ. ಪಾದದ ಕೀಲನ್ನು ಮುಚ್ಚುವ ಎತ್ತರದ ಚರ್ಮದ ಶೂ. ಹಿಮ್ಮಡಿಯ ಅಡಿಯಲ್ಲಿ ಗಾಳಿ ತುಂಬಿದ ಪುಟ್ಟ ಚೀಲ. ಹೊಸತಿದ್ದುದು ಬಣ್ಣದಲ್ಲಿ. ಬಿಳಿ ಶೂಗಳೇ ತುಂಬಿದ್ದ ಅಂಗಣದಲ್ಲಿ ಕೆಂಪು ಮತ್ತು ಕಪ್ಪು ಎದ್ದು ಕಂಡವು.

ಆಟಗಾರನ ಶೂ ತಂಡದ ಉಳಿದವರ ಶೂಗಳಿಗೆ ಹೊಂದಬೇಕೆಂಬುದು ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯಾದ ಎನ್‌ಬಿಎ ನಿಯಮವಾಗಿತ್ತು. ಜೋರ್ಡನ್ ಅವರ ಕೆಂಪು-ಕಪ್ಪು ಶೂಗಳ ಬಗ್ಗೆ ಸಂಸ್ಥೆ 1985ರ ಫೆಬ್ರುವರಿಯಲ್ಲಿ ನೈಕಿಗೆ ಪತ್ರ ಬರೆಯಿತು. ಕಂಪನಿ ಇದನ್ನೇ ಜಾಹೀರಾತಾಗಿಸಿತು. ಸಂಸ್ಥೆ ಈ ಶೂವನ್ನು ಆಟದಿಂದ ಹೊರಗಿಟ್ಟಿರಬಹುದು, ನೀವು ಧರಿಸುವುದನ್ನು ತಡೆಯಲಾರದು ಎಂಬುದು ಅದರ ಸಾರಾಂಶ. ವಾಸ್ತವದಲ್ಲಿ ಆಕ್ಷೇಪಕ್ಕೆ ಗುರಿಯಾದದ್ದು 'ಏರ್ ಶಿಪ್' ಎಂಬ ಬೇರೊಂದು ಮಾದರಿ ಎಂಬ ಅಭಿಪ್ರಾಯ ಇಂದು ಪ್ರಬಲವಾಗಿದೆ. ಆದರೆ ನಿಷೇಧದ ಕಥೆ ಆಗಲೇ ತನ್ನ ಕೆಲಸ ಮಾಡಿಯಾಗಿತ್ತು. ನಾಲ್ಕು ವರ್ಷಗಳಲ್ಲಿ 30 ಲಕ್ಷ ಡಾಲರ್ ವಹಿವಾಟು ನಿರೀಕ್ಷಿಸಿದ್ದ ಕಂಪನಿಗೆ ಮೊದಲ ವರ್ಷದಲ್ಲಿಯೇ 12.6 ಕೋಟಿ ಡಾಲರ್ ಬಂತೆಂದು ಜೋರ್ಡನ್ ಅವರ ಪ್ರತಿನಿಧಿಯಾಗಿದ್ದ ಡೇವಿಡ್ ಫಾಕ್ ಹೇಳಿದ್ದಾರೆ.

ವಾಸ್ತುಶಿಲ್ಪಿಯ ಕೈಗೆ ಬಂದ ಶೂ

ಹೆಸರಿನ ಬಲದಿಂದ ಆರಂಭವಾದದ್ದಕ್ಕೆ ವಿನ್ಯಾಸದ ಬಲ ಕೂಡಿಬಂದುದು 1988ರಲ್ಲಿ. ಮೂರ್ ಅವರು ನೈಕಿ ತೊರೆದಿದ್ದರು; ಜೋರ್ಡನ್ ಕೂಡ ಹೊರಡುವ ಯೋಚನೆಯಲ್ಲಿದ್ದರು. ಮೂರನೆಯ ಮಾದರಿಯ ಹೊಣೆ ಟಿಂಕರ್ ಹ್ಯಾಟ್‌ಫೀಲ್ಡ್ ಅವರಿಗೆ ಬಂತು. ಅವರು ವಾಸ್ತುಶಿಲ್ಪ ಓದಿದವರು, ಮೊದಲು ನೈಕಿಯ ಕಟ್ಟಡಗಳನ್ನು ರೂಪಿಸುತ್ತಿದ್ದವರು.

ಕಟ್ಟಡ ಕಟ್ಟುವ ಮುನ್ನ ಮನೆಯೊಡೆಯನನ್ನು ವಿಚಾರಿಸುವಂತೆ ಅವರು ಜೋರ್ಡನ್ ಅವರ ಅಗತ್ಯಗಳನ್ನು ಕೇಳಿದರು. ಶೂ ಹಗುರವಾಗಿರಬೇಕು, ಎತ್ತರ ಕಡಿಮೆಯಾಗಬೇಕು, ಹೊಸದಾಗಿ ತೊಟ್ಟ ದಿನವೇ ಕಾಲಿಗೆ ಒಗ್ಗಬೇಕು ಎಂಬುದು ಆಟಗಾರನ ಬೇಡಿಕೆ. ಅದರಂತೆ ಮೃದು ಚರ್ಮ ಬಳಸಿದರು. ಅಂಚನ್ನು ಪಾದದ ಕೀಲಿನ ಮಟ್ಟಕ್ಕೆ ತಗ್ಗಿಸಿದರು. ಆನೆಯ ಚರ್ಮದ ಸುಕ್ಕುಗಳನ್ನು ಹೋಲುವ ಚಿತ್ತಾರವನ್ನು ಅಂಚಿಗೆ ಕೊಟ್ಟರು. ಅದುವರೆಗೆ ಜೋರ್ಡನ್ ಶೂಗಳ ಒಳಗೆ ಅಡಗಿದ್ದ ಗಾಳಿಚೀಲ ಪುಟ್ಟ ಕಿಟಕಿಯಲ್ಲಿ ಹೊರಗೆ ಕಾಣುವಂತಾಯಿತು. ಕಾಲು ಚಾಚಿ, ಚೆಂಡು ಎತ್ತಿ ಹಾರುವ ಆಟಗಾರನ ಆಕೃತಿಯ 'ಜಂಪ್‌ಮನ್' ಚಿಹ್ನೆ ಶೂ ಮೇಲೆ ಬಂದುದೂ ಆಗಲೇ. ಜೋರ್ಡನ್ ನೈಕಿಯಲ್ಲಿಯೇ ಉಳಿದರು.

1995ರ ಹನ್ನೊಂದನೆಯ ಮಾದರಿಯಲ್ಲಿ ಹ್ಯಾಟ್‌ಫೀಲ್ಡ್ ಹೊಳೆಯುವ ಪೇಟೆಂಟ್ ಚರ್ಮವನ್ನು ತಂದರು. ಅದು ಸುಲಭವಾಗಿ ಹಿಗ್ಗದ ಕಾರಣ ಆಟಗಾರ ಥಟ್ಟನೆ ದಿಕ್ಕು ಬದಲಿಸಿದಾಗ ಪಾದ ಜಾರದಂತೆ ಹಿಡಿಯುತ್ತದೆ. ಅಟ್ಟೆಯಲ್ಲಿ ಕಾರ್ಬನ್ ಫೈಬರ್ ಫಲಕವಿತ್ತು. ಆ ಹೊಳಪಿನಿಂದಾಗಿ ಸೂಟಿನೊಂದಿಗೂ ಒಪ್ಪುವ ಆಟದ ಶೂ ಎಂಬ ಹೆಸರು ಅದಕ್ಕೆ ಬಂತು. ಒಂದೇ ವಸ್ತು ಅಂಗಣಕ್ಕೂ ಅಲಂಕಾರಕ್ಕೂ ಸಲ್ಲುವುದೇ ಈ ವಿನ್ಯಾಸಗಳ ಗುಟ್ಟು.

ಬೀದಿಯ ಭಾಷೆ

ನಿರ್ದೇಶಕ ಸ್ಪೈಕ್ ಲೀ 1986ರ ತಮ್ಮ ಚಿತ್ರವೊಂದರಲ್ಲಿ ಮಾರ್ಸ್ ಬ್ಲ್ಯಾಕ್‌ಮನ್ ಎಂಬ ಜೋರ್ಡನ್ ಅಭಿಮಾನಿಯ ಪಾತ್ರ ವಹಿಸಿದ್ದರು. ಮುಂದೆ ಅದೇ ಪಾತ್ರ ನೈಕಿಯ ಜಾಹೀರಾತುಗಳಿಗೂ ಬಂತು. ನಿಮ್ಮ ಆಟದ ಶಕ್ತಿಯೆಲ್ಲ ಶೂನಲ್ಲಿಯೇ ಇರಬೇಕೆಂದು ಮಾರ್ಸ್ ಪಟ್ಟು ಹಿಡಿಯುತ್ತಾನೆ; ಜೋರ್ಡನ್ ಇಲ್ಲವೆನ್ನುತ್ತಲೇ ಇರುತ್ತಾರೆ. ನೋಡಿದವರು ನಕ್ಕರು, ಶೂವನ್ನೂ ಕೊಂಡರು. ಹಿಪ್‌ಹಾಪ್ ಸಂಗೀತದ ಬೆಳವಣಿಗೆಯೊಂದಿಗೆ ಇಂತಹ ಶೂಗಳು ನಗರಗಳ ಕಪ್ಪು ಯುವಜನರ ಉಡುಪಿನ ಭಾಗವಾದವು. ಆಸ್ತಿ, ಅಧಿಕಾರಗಳಿಂದ ದೂರವಿದ್ದ ಹುಡುಗನಿಗೆ ಅದು ಕಾಲಿನಲ್ಲಿ ತೊಡಬಹುದಾದ ಪ್ರತಿಷ್ಠೆಯಾಯಿತು.

ಆ ಪ್ರತಿಷ್ಠೆಗೆ ಕರಾಳ ಮುಖವೂ ಇತ್ತು. 1980ರ ದಶಕದ ಕೊನೆಯಲ್ಲಿ ಶೂಗಳಿಗಾಗಿ ಹದಿಹರೆಯದವರ ಕೊಲೆಗಳಾದವು. 1990ರ ಮೇ ತಿಂಗಳಲ್ಲಿ 'ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್' ಪತ್ರಿಕೆ ಇದನ್ನೇ ಮುಖಪುಟದ ವಿಷಯವಾಗಿಸಿತು.

ಇನ್ನೊಂದು ಬೆಲೆ ಕಣ್ಣಿಗೆ ಬೀಳದಷ್ಟು ದೂರದಲ್ಲಿತ್ತು. 1992ರಲ್ಲಿ ಕಾರ್ಮಿಕ ಹೋರಾಟಗಾರ ಜೆಫ್ ಬ್ಯಾಲಿಂಜರ್ ಅವರು 'ಹಾರ್ಪರ್ಸ್' ಪತ್ರಿಕೆಯಲ್ಲಿ ಇಂಡೊನೇಷ್ಯಾದ ನೈಕಿ ಶೂ ಕಾರ್ಮಿಕಳೊಬ್ಬಳ ವೇತನ ಚೀಟಿಯನ್ನು ವಿಶ್ಲೇಷಿಸಿದರು. ಆಕೆಯ ಗಳಿಕೆ ಗಂಟೆಗೆ ಸುಮಾರು 14 ಸೆಂಟ್. ಟೀಕೆ ವರ್ಷಗಳ ಕಾಲ ನಡೆಯಿತು. 1998ರಲ್ಲಿ ನೈಕಿ ಸ್ಥಾಪಕ ಫಿಲ್ ನೈಟ್ ಅವರು ತಮ್ಮ ಕಂಪನಿಯ ಹೆಸರು ಗುಲಾಮಗಿರಿಯ ಕೂಲಿಗೆ ಪರ್ಯಾಯವಾಗಿದೆ ಎಂದು ಬಹಿರಂಗವಾಗಿ ಒಪ್ಪಿ, ಶೂ ಕಾರ್ಖಾನೆಗಳಲ್ಲಿ ಹೊಸದಾಗಿ ಸೇರುವವರ ಕನಿಷ್ಠ ವಯಸ್ಸನ್ನು 18ಕ್ಕೆ ಏರಿಸುವುದಾಗಿ ಪ್ರಕಟಿಸಿದರು. 2005ರಲ್ಲಿ ಕಂಪನಿ ತನ್ನ ಸರಕು ತಯಾರಿಸುವ ಕಾರ್ಖಾನೆಗಳ ಪಟ್ಟಿಯನ್ನು ಹೊರಗೆಡವಿತು.

15 ಡಾಲರಿನ ಪ್ರಯೋಗ

ಸಿಗ್ನೇಚರ್ ಶೂ ದುಬಾರಿಯೇ ಆಗಿರಬೇಕೆ? ನ್ಯೂಯಾರ್ಕ್ ನಿಕ್ಸ್ ಆಟಗಾರ ಸ್ಟೀಫನ್ ಮಾರ್ಬರಿ 2006ರಲ್ಲಿ ಈ ಪ್ರಶ್ನೆಗೆ ಉತ್ತರವಾಗಿ 'ಸ್ಟಾರ್‌ಬರಿ' ಶೂ ತಂದರು. ಬೆಲೆ 14 ಡಾಲರ್ 98 ಸೆಂಟ್. ಬಡ ಬಡಾವಣೆಯಲ್ಲಿ ಬೆಳೆದಿದ್ದ ಅವರು ಪಂದ್ಯಗಳಲ್ಲಿಯೂ ಅದನ್ನೇ ಧರಿಸಿದರು. ಆರಂಭದಲ್ಲಿ ಜನ ಮುಗಿಬಿದ್ದರು. ಆದರೆ ಅದನ್ನು ಮಾರುತ್ತಿದ್ದ ಸ್ಟೀವ್ ಅಂಡ್ ಬ್ಯಾರೀಸ್ ಮಳಿಗೆಗಳ ಸಂಸ್ಥೆ 2008ರಲ್ಲಿ ದಿವಾಳಿಯಾಯಿತು. ಶೂ ಅಗ್ಗವಾಗಿ ದೊರೆಯಬಹುದೆಂದು ಈ ಪ್ರಯೋಗ ತೋರಿಸಿತು. ಆದರೆ ಎಲ್ಲರಿಗೂ ಎಟುಕುವ ವಸ್ತುವಿಗೆ, ಎಟುಕದ ವಸ್ತುವಿನ ಆಕರ್ಷಣೆಯನ್ನು ಕೊಡುವುದು ಸುಲಭವಲ್ಲ.

ಹೆಸರಿನ ಗೌರವವೂ ಎಲ್ಲರಿಗೂ ಸಮನಾಗಿ ದೊರೆತಿಲ್ಲ. ಸ್ವಂತ ಹೆಸರಿನ ಬ್ಯಾಸ್ಕೆಟ್‌ಬಾಲ್ ಶೂ ಪಡೆದ ಮೊದಲ ಮಹಿಳೆ ಶೆರಿಲ್ ಸ್ವೂಪ್ಸ್. ಅದು 1995ರಲ್ಲಿ, ಮೊದಲ ಏರ್ ಜೋರ್ಡನ್ ಬಂದು ಹತ್ತು ವರ್ಷಗಳ ನಂತರ. ಅಂತಹ ಆಟಗಾರ್ತಿಯರ ಸಂಖ್ಯೆ ಇಂದಿಗೂ ಚಿಕ್ಕದು. 2025ರಲ್ಲಿ ಏಜಾ ವಿಲ್ಸನ್ ಅವರ ಶೂ ಬಂದಾಗ ಅದು ದೊಡ್ಡ ಸುದ್ದಿಯಾದುದಕ್ಕೆ ಇದೇ ಕಾರಣ.

ಒಳ್ಳೆಯ ಶೂ ಕಾಲನ್ನು ಕಾಯುತ್ತದೆ, ಹ್ಯಾಟ್‌ಫೀಲ್ಡ್ ಅವರಂತಹ ವಿನ್ಯಾಸಕಾರರ ಶ್ರಮ ನಿಜವಾದುದು. ಆದರೆ ಆಟದ ಶಕ್ತಿ ಶೂನಲ್ಲಿಲ್ಲ ಎಂದು ಜಾಹೀರಾತಿನಲ್ಲಿ ಸ್ವತಃ ಜೋರ್ಡನ್ ಅವರೇ ಹೇಳಿದ್ದರು. ಕೊಳ್ಳುವವರು ಹಣ ತೆತ್ತದ್ದು ಬಹುಪಾಲು ಆ ಹೆಸರಿಗೆ. ಅದನ್ನು ಹೊಲಿದ ಕೈಗಳಿಗೆ ಮಾತ್ರ ಹೆಸರಿರಲಿಲ್ಲ.