ಗುರುವಿನ ಗದ್ದುಗೆಯಲ್ಲಿ ಶಿಷ್ಯ: ಕಾಯುವ ಕಾಲ ಮುಗಿದ ಮೇಲಿನ ಉತ್ತರಾಧಿಕಾರ

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಡ್ಯೂಕ್ ವಿಶ್ವವಿದ್ಯಾಲಯವು 1980ರ ಮಾರ್ಚ್‌ನಲ್ಲಿ ತನ್ನ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ 33 ವರ್ಷದ ಮುಖ್ಯ ತರಬೇತುದಾರರೊಬ್ಬರನ್ನು ನೇಮಿಸಿತು. 2021ರ ಜೂನ್‌ನಲ್ಲಿ ಅದೇ ಹುದ್ದೆಗೆ ಮತ್ತೊಬ್ಬರನ್ನು ಆರಿಸಿತು. ಅವರ ವಯಸ್ಸೂ 33. ಮೊದಲನೆಯವರು ಮೈಕ್ ಶಶೆಫ್‌ಸ್ಕಿ, ಎರಡನೆಯವರು ಅವರದೇ ಶಿಷ್ಯ ಜಾನ್ ಶಾಯರ್. ಇಬ್ಬರ ನಡುವೆ ಆ ಗದ್ದುಗೆಯಲ್ಲಿ ಬೇರಾರೂ ಕೂರಲಿಲ್ಲ.

ಕಾಲೇಜು ತಂಡವೊಂದರ ತರಬೇತುದಾರನ ಬದಲಾವಣೆ ಇಡೀ ದೇಶದ ಸುದ್ದಿಯಾಗುವುದು ಇಲ್ಲಿನ ಓದುಗರಿಗೆ ವಿಚಿತ್ರವೆನಿಸಬಹುದು. ನಮ್ಮ ಅಂತರ ಕಾಲೇಜು ಪಂದ್ಯಗಳನ್ನು ನೋಡಲು ಬರುವವರು ಬಹುಮಟ್ಟಿಗೆ ಸಹಪಾಠಿಗಳೇ. ಅಮೆರಿಕದಲ್ಲಿ ಹಾಗಲ್ಲ. ಪ್ರತಿ ಮಾರ್ಚ್‌ನಲ್ಲಿ 68 ಕಾಲೇಜು ತಂಡಗಳು ಸೆಣಸುವ ರಾಷ್ಟ್ರೀಯ ಟೂರ್ನಿ ಅಲ್ಲಿ ಹಬ್ಬವೇ ಸರಿ; ಒಂದು ಸೋಲು, ತಂಡ ಮನೆಗೆ. ಡ್ಯೂಕ್‌ನ ಕ್ಯಾಮರಾನ್ ಒಳಾಂಗಣ ಕ್ರೀಡಾಂಗಣದಲ್ಲಿ 9,314 ಆಸನಗಳಿವೆ. ನೆರೆಯ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ವಿರುದ್ಧದ ಪಂದ್ಯ ನೋಡಲು ವಿದ್ಯಾರ್ಥಿಗಳು ಚಳಿಗಾಲದಲ್ಲಿ ವಾರಗಟ್ಟಲೆ ಹೊರಗೆ ಡೇರೆ ಹಾಕಿ ಮಲಗುತ್ತಾರೆ. ಆ ಡೇರೆಗಳ ಊರಿಗೆ ಶಶೆಫ್‌ಸ್ಕಿಯವರದೇ ಹೆಸರು.

ಆದರೆ 1980ರಲ್ಲಿ ಆ ಹೆಸರನ್ನು ಉಚ್ಚರಿಸಲು ಬಲ್ಲವರೇ ಅಲ್ಲಿ ವಿರಳ. ಅಕ್ಷರಗಳ ಜೋಡಣೆ ಎಷ್ಟು ಗೋಜಲಾಗಿತ್ತೆಂದರೆ, ಇದು ಮುದ್ರಣದೋಷವಲ್ಲವೆಂದು ವಿದ್ಯಾರ್ಥಿ ಪತ್ರಿಕೆ ತನ್ನ ಶೀರ್ಷಿಕೆಯಲ್ಲೇ ಸ್ಪಷ್ಟಪಡಿಸಬೇಕಾಯಿತು. ಆಗಷ್ಟೇ ಮುಗಿದ ಋತುವಿನಲ್ಲಿ ಅವರ ಮಾರ್ಗದರ್ಶನದ ಸೇನಾ ಅಕಾಡೆಮಿ ತಂಡ ಗೆದ್ದದ್ದು 9 ಪಂದ್ಯ, ಸೋತದ್ದು 17. ಡ್ಯೂಕ್‌ನಲ್ಲಿ ಮೊದಲ ಮೂರು ಋತುಗಳ ಲೆಕ್ಕ 38 ಗೆಲುವು, 47 ಸೋಲು. 1983ರಲ್ಲಿ ವರ್ಜೀನಿಯಾ ತಂಡದೆದುರು 109-66ರ ಹೀನಾಯ ಸೋಲು ಕಂಡಾಗ ಅವರನ್ನು ಕಿತ್ತುಹಾಕಬೇಕೆಂಬ ಕೂಗು ತಾರಕಕ್ಕೇರಿತು. ಕ್ರೀಡಾ ನಿರ್ದೇಶಕ ಟಾಮ್ ಬಟರ್ಸ್ ಅದಕ್ಕೆ ಕಿವಿಗೊಡಲಿಲ್ಲ. 1984ರ ಜನವರಿಯಲ್ಲಿ ಅವರು ಗುತ್ತಿಗೆಯನ್ನು ಐದು ವರ್ಷಕ್ಕೆ ವಿಸ್ತರಿಸಿದರು. ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು ಅದಾಗಿ ಏಳು ವರ್ಷಗಳ ನಂತರ, 1991ರಲ್ಲಿ. ಆಮೇಲೆ ಮತ್ತೆ ನಾಲ್ಕು ಪ್ರಶಸ್ತಿ, 2008ರಿಂದ ಸತತ ಮೂರು ಒಲಿಂಪಿಕ್ಸ್‌ಗಳಲ್ಲಿ ಅಮೆರಿಕ ತಂಡಕ್ಕೆ ಚಿನ್ನ, ಒಟ್ಟು 1,202 ಗೆಲುವು. ಆ ಮೊದಲ ಮೂರು ವರ್ಷಗಳ ನಂತರ ಬಟರ್ಸ್ ಕೈಬಿಟ್ಟಿದ್ದರೆ ಈ ಯಾವ ಅಂಕಿಯೂ ಇರುತ್ತಿರಲಿಲ್ಲ.

ಇಂಥವರ ನಂತರ ಬರುವವರ ಪಾಡೇನು? ಹಿಂದಿನ ನಿದರ್ಶನಗಳು ಧೈರ್ಯ ತುಂಬುವಂತಿಲ್ಲ. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ತಂಡಕ್ಕೆ ಹನ್ನೆರಡು ವರ್ಷಗಳಲ್ಲಿ ಹತ್ತು ಪ್ರಶಸ್ತಿ ತಂದುಕೊಟ್ಟ ಜಾನ್ ವುಡನ್ 1975ರಲ್ಲಿ ನಿವೃತ್ತರಾದರು. ಅವರ ಸ್ಥಾನಕ್ಕೆ ಬಂದ ಜೀನ್ ಬಾರ್ಟೊ ಎರಡು ಋತುಗಳಲ್ಲಿ 52 ಪಂದ್ಯ ಗೆದ್ದರು, ಸೋತದ್ದು ಒಂಬತ್ತೇ. ಬೇರೆಡೆಯಾಗಿದ್ದರೆ ಮೆರವಣಿಗೆ ಮಾಡುತ್ತಿದ್ದರು. ಅಲ್ಲಿ ಮಾತ್ರ ಆ ಒಂಬತ್ತು ಸೋಲುಗಳನ್ನೇ ಎಣಿಸಲಾಯಿತು. 1977ರಲ್ಲಿ ಬಾರ್ಟೊ ಹುದ್ದೆ ತೊರೆದು, ಆಗಿನ್ನೂ ಬ್ಯಾಸ್ಕೆಟ್‌ಬಾಲ್ ತಂಡವೇ ಇಲ್ಲದಿದ್ದ ಅಲಬಾಮದ ವಿಶ್ವವಿದ್ಯಾಲಯವೊಂದರಲ್ಲಿ ಶೂನ್ಯದಿಂದ ತಂಡ ಕಟ್ಟಲು ಹೊರಟರು. ಇದೇ ವುಡನ್ ಕೂಡ ಮೊದಲ ಪ್ರಶಸ್ತಿಗಾಗಿ 1948ರಿಂದ 1964ರ ವರೆಗೆ ಕಾದಿದ್ದರೆಂಬುದನ್ನು ಅಭಿಮಾನಿಗಳು ಆ ಹೊತ್ತಿಗೆ ಮರೆತಿದ್ದರು.

ಶಾಯರ್ ಡ್ಯೂಕ್‌ಗೆ ಹೊರಗಿನವರಲ್ಲ. 2010ರಲ್ಲಿ ಪ್ರಶಸ್ತಿ ಗೆದ್ದ ತಂಡದ ಪ್ರಮುಖ ಆಟಗಾರ ಅವರು. ಅದೇ ವರ್ಷದ ಬೇಸಿಗೆಯಲ್ಲಿ ಕಣ್ಣಿಗೆ ಬಿದ್ದ ಪೆಟ್ಟು ಎನ್‌ಬಿಎ ಸೇರುವ ಕನಸಿಗೆ ಅಡ್ಡಿಯಾಯಿತು. ಇಸ್ರೇಲ್ ಮತ್ತು ಸ್ಪೇನ್‌ನಲ್ಲಿ ಆಡಿ 2013ರಲ್ಲಿ ಗುರುವಿನ ಬಳಿಗೆ ಸಹಾಯಕರಾಗಿ ಮರಳಿದರು. ಉತ್ತರಾಧಿಕಾರಿಯೆಂದು ಘೋಷಿತರಾದ ಮೇಲೆ ಒಂದು ಇಡೀ ಋತುವನ್ನು ಅವರು ಶಶೆಫ್‌ಸ್ಕಿಯವರ ಪಕ್ಕದಲ್ಲೇ ಕುಳಿತು ಕಳೆದರು.

ಆ ವಿದಾಯದ ಋತು ಹಾಡಿ ಹರಸುವಂತೆ ಮುಗಿಯಲಿಲ್ಲ. 2022ರ ಮಾರ್ಚ್ 5ರಂದು ತವರಿನ ಕೊನೆಯ ಪಂದ್ಯಕ್ಕೆ ಹಳೆಯ ಆಟಗಾರರು ದಂಡುಗಟ್ಟಿ ಬಂದಿದ್ದರು. ಸಮಾರಂಭ ಕೆಡಿಸಿದ್ದು ನೆರೆಯ ನಾರ್ತ್ ಕೆರೊಲಿನಾ ತಂಡ, 94-81ರಿಂದ. ಏಪ್ರಿಲ್ 2ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ ರಾಷ್ಟ್ರೀಯ ಸೆಮಿಫೈನಲ್‌ನಲ್ಲೂ ಅದೇ ತಂಡ 81-77ರಿಂದ ಗೆದ್ದು ಶಶೆಫ್‌ಸ್ಕಿಯವರನ್ನು ಮನೆಗೆ ಕಳುಹಿಸಿತು. ಗೆದ್ದ ತಂಡದ ತರಬೇತುದಾರ ಹ್ಯೂಬರ್ಟ್ ಡೇವಿಸ್ ಕೂಡ ಹೊಸಬರೇ. ಮತ್ತೊಬ್ಬ ದಿಗ್ಗಜ ರಾಯ್ ವಿಲಿಯಮ್ಸ್ ಅವರ ಕುರ್ಚಿಯಲ್ಲಿ ಅವರಿಗದು ಮೊದಲ ವರ್ಷ.

ಶಾಯರ್ ಅಧಿಕಾರ ವಹಿಸಿಕೊಂಡಾಗ ಕೈಗೆ ಸಿಕ್ಕದ್ದು ಹೆಸರು ಮಾತ್ರ, ತಂಡವಲ್ಲ. ಸೆಮಿಫೈನಲ್ ಆಡಿದ ಐವರು ಪ್ರಮುಖರೂ ಆ ಬೇಸಿಗೆಯಲ್ಲೇ ಎನ್‌ಬಿಎ ಆಯ್ಕೆಯಾಗಿ ಹೊರಟುಹೋದರು. 1980ಕ್ಕೂ ಇಂದಿಗೂ ಇರುವ ನಿಜವಾದ ವ್ಯತ್ಯಾಸ ಇಲ್ಲಿದೆ. ಶಶೆಫ್‌ಸ್ಕಿಯವರು ಸೋಲುತ್ತಿದ್ದ ದಿನಗಳಲ್ಲಿ ಆಟಗಾರರು ನಾಲ್ಕು ವರ್ಷ ತಂಡದಲ್ಲಿರುತ್ತಿದ್ದರು. ಮೊದಲ ವರ್ಷ ಎಡವಿದ ಹುಡುಗ ನಾಲ್ಕನೆಯ ವರ್ಷ ಪಳಗಿರುತ್ತಿದ್ದ. ಈಗ ಪ್ರತಿಭಾವಂತ ಆಟಗಾರ ಒಂದೇ ವರ್ಷಕ್ಕೆ ಎನ್‌ಬಿಎಗೆ ಹಾರುತ್ತಾನೆ. ಉಳಿದವರನ್ನು ಕಟ್ಟಿಹಾಕಲೂ ಸಾಧ್ಯವಿಲ್ಲ. ಹಿಂದೆ ಕಾಲೇಜು ಬದಲಿಸಿದವರು ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಬಾರಿಯ ಮಟ್ಟಿಗೆ ಆ ಕಟ್ಟಳೆ ಸಡಿಲವಾಯಿತು, 2024ರಲ್ಲಿ ಬಾರಿಗಳ ಮಿತಿಯೂ ಹೋಯಿತು. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು ಮತ್ತು ವರ್ಚಸ್ಸನ್ನು ಜಾಹೀರಾತಿಗೆ ಬಳಸಿ ಹಣ ಗಳಿಸಬಹುದಾಯಿತು. 2025ರ ಜುಲೈನಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ನೀಡಬಹುದೆಂದಾಯಿತು. ಎಲ್ಲ ಕ್ರೀಡೆಗಳಿಗೂ ಸೇರಿ ಮೊದಲ ವರ್ಷದ ಮಿತಿ ಸುಮಾರು 2.05 ಕೋಟಿ ಡಾಲರ್.

ಹೀಗಾಗಿ ಆಟ ಕಲಿಸುವುದು ತರಬೇತುದಾರನ ಕೆಲಸದ ಒಂದು ಭಾಗವಷ್ಟೇ. 2022ರಲ್ಲಿ ಶಾಯರ್ ಮಾಡಿದ ಮೊದಲ ನೇಮಕಗಳಲ್ಲೊಂದು ಇದಕ್ಕೆ ಸಾಕ್ಷಿ: ನೈಕಿ ಮತ್ತು ಎನ್‌ಬಿಎಯಲ್ಲಿ ದುಡಿದಿದ್ದ ರೇಚೆಲ್ ಬೇಕರ್ ಅವರನ್ನು ತಂಡದ ಪ್ರಧಾನ ವ್ಯವಸ್ಥಾಪಕಿಯಾಗಿ ಕರೆತಂದರು. ವೃತ್ತಿಪರ ತಂಡಗಳಲ್ಲಿದ್ದ ಹುದ್ದೆ ಕಾಲೇಜಿನ ಅಂಗಳಕ್ಕಿಳಿಯಿತು. ಗುರುವಿನ ಆಟದ ಪಾಠವನ್ನು ಹಾಗೆಯೇ ಉಳಿಸಿಕೊಂಡು, ಗುರು ಎಂದೂ ಮಾಡಬೇಕಿರದಿದ್ದ ವ್ಯವಹಾರಕ್ಕೆ ಬೇರೆ ಕೈಯನ್ನು ತಂದದ್ದು ಜಾಣತನವೆಂದೇ ಹೇಳಬೇಕು.

ಫಲಿತಾಂಶವೂ ಬಂತು. ಮೊದಲ ಎರಡು ಋತುಗಳಲ್ಲಿ ತಲಾ 27 ಗೆಲುವು, 9 ಸೋಲು. ಮೊದಲ ವರ್ಷ ತವರಿನಲ್ಲಿ ಒಂದೂ ಸೋಲಿಲ್ಲ. ಆದರೂ 2024ರಲ್ಲಿ ಸೆಮಿಫೈನಲ್‌ನ ಹೊಸ್ತಿಲಲ್ಲಿ ಎಡವಿದಾಗ ಗೊಣಗಾಟ ಶುರುವಾಯಿತು. ಇದೇ ಹಂತದಲ್ಲಿ, ಅಂದರೆ ಎರಡು ಋತು ಮುಗಿದಾಗ, ಶಶೆಫ್‌ಸ್ಕಿಯವರ ಗೆಲುವುಗಳು ಒಟ್ಟು 27 ಮಾತ್ರ. ಆ ಬೇಸಿಗೆಯಲ್ಲಿ ಏಳು ಆಟಗಾರರು ಬೇರೆ ಕಾಲೇಜುಗಳಿಗೆ ಹೋದರು. ಶಾಯರ್ ತಂಡವನ್ನು ಬಹುತೇಕ ಮರಳಿ ಕಟ್ಟಿದರು. ನಡುವೆ ಕೂಪರ್ ಫ್ಲ್ಯಾಗ್ ಎಂಬ ಹದಿಹರೆಯದ ಪ್ರತಿಭೆ.

ಆ ತಂಡ 35 ಪಂದ್ಯ ಗೆದ್ದು 2025ರ ಏಪ್ರಿಲ್ 5ರಂದು ಸ್ಯಾನ್ ಆಂಟೋನಿಯೊದಲ್ಲಿ ಸೆಮಿಫೈನಲ್ ಆಡಿತು. ಹ್ಯೂಸ್ಟನ್ ಎದುರು ಸುಮಾರು ಎಂಟು ನಿಮಿಷ ಉಳಿದಿದ್ದಾಗ 14 ಅಂಕಗಳ ಮುನ್ನಡೆ. ಕೊನೆಯ ಅರ್ಧ ನಿಮಿಷದ ಆಸುಪಾಸಿನಲ್ಲೂ ಆರು ಅಂಕ ಮುಂದೆ. ಅಲ್ಲಿಂದ ಹ್ಯೂಸ್ಟನ್ ಸತತ ಒಂಬತ್ತು ಅಂಕ ಗಳಿಸಿತು. ಕಡೆಯ ಕ್ಷಣಗಳಲ್ಲಿ ಫ್ಲ್ಯಾಗ್ ಎಸೆದ ಚೆಂಡು ಬುಟ್ಟಿಗೆ ಬೀಳಲಿಲ್ಲ. ಅಂತಿಮ ಲೆಕ್ಕ 70-67. ಜೂನ್‌ನಲ್ಲಿ ನಡೆದ ಎನ್‌ಬಿಎ ಆಯ್ಕೆಯಲ್ಲಿ ಫ್ಲ್ಯಾಗ್ ಮೊದಲಿಗರಾಗಿ ಹೊರಟರು. ಮೊದಲ ಹತ್ತರೊಳಗೆ ಅವರ ಇಬ್ಬರು ಸಹಆಟಗಾರರೂ ಇದ್ದರು. ಮೂರು ಋತುಗಳಲ್ಲಿ 89 ಗೆಲುವು ಕಂಡ ತರಬೇತುದಾರ ಆ ಬೇಸಿಗೆಯಲ್ಲಿ ಮತ್ತೊಮ್ಮೆ ಹೊಸ ತಂಡ ಹುಡುಕಲು ಕುಳಿತರು.