ಸಗಣಿಯ ಲೆಕ್ಕವನ್ನೂ ಬರೆಯೋಣ

ಹೊಸೂರು ಸೀಮೆಗೂ ದನಕರುಗಳಿಗೂ ಇರುವ ನಂಟು ಹಳೆಯದು. ಮತ್ತಿಗಿರಿಯ ಸರ್ಕಾರಿ ಜಾನುವಾರು ಫಾರಂ ಕಂಪನಿ ಸರ್ಕಾರದ ಕಾಲದಲ್ಲೇ ಹುಟ್ಟಿದ್ದು. ಹಿಂದೆ ಮನೆಗೆ ಎರಡು ಹಸು, ಹಿತ್ತಲಲ್ಲಿ ಒಂದು ತಿಪ್ಪೆ, ವರ್ಷಕ್ಕೊಮ್ಮೆ ಹೊಲಕ್ಕೆ ಗೊಬ್ಬರ. ಈಗ ಒಂದೇ ಸೂರಿನಡಿ ಐವತ್ತು, ನೂರು ಹಸು ಕಟ್ಟುವವರಿದ್ದಾರೆ. ಹಾಲಿನ ಲೆಕ್ಕ ಎಲ್ಲರೂ ಬರೆಯುತ್ತಾರೆ, ಸಗಣಿಯ ಲೆಕ್ಕ ಬರೆಯುವವರು ಕಡಿಮೆ. ಜಮಾ ಮಾತ್ರ ಬರೆದು ಖರ್ಚು ಬಿಟ್ಟ ಪುಸ್ತಕವನ್ನು ವ್ಯಾಪಾರಿಗಳಾದ ನಾವು ಒಪ್ಪುವುದಿಲ್ಲವಷ್ಟೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಂದಾಜಿನಂತೆ 400 ಕಿಲೋ ತೂಕದ ಒಂದು ದನ ದಿನಕ್ಕೆ 15ರಿಂದ 20 ಕಿಲೋ ಸಗಣಿ, ಅಷ್ಟೇ ಲೀಟರು ಗಂಜಲ ಹಾಕುತ್ತದೆ. ನೂರು ದನಗಳಾದರೆ ದಿನಕ್ಕೆ ಒಂದೂವರೆಯಿಂದ ಎರಡು ಟನ್ ಸಗಣಿ. ಎರಡು ಹಸುವಿನದು ಹೊಲಕ್ಕೆ ಸಂಪತ್ತು. ನೂರು ಹಸುವಿನದನ್ನು ನೀರು ಬಿಟ್ಟು ಚರಂಡಿಗೆ ತಳ್ಳಿದರೆ ಅದು ಕೆರೆಗೂ ಬಾವಿಗೂ ವಿಷ.

ಕಣ್ಣಿಗೆ ಕಾಣದ ಇನ್ನೊಂದು ಬಾಬ್ತೂ ಇದೆ, ಮೀಥೇನ್ ಅನಿಲ. ದನ ಮೇವನ್ನು ಮೆಲುಕು ಹಾಕಿ ಅರಗಿಸುವಾಗ ಹೊಟ್ಟೆಯಲ್ಲಿ ಹುಟ್ಟಿ ತೇಗಿನ ಮೂಲಕ ಹೊರಬರುತ್ತದೆ. ಗಾಳಿಯಾಡದ ಗುಂಡಿಯಲ್ಲಿ ನೀರಿನೊಡನೆ ಕೊಳೆಯುವ ಸಗಣಿಯಿಂದಲೂ ಏಳುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಆದರೆ ಗಾಳಿಯಲ್ಲಿ ಉಳಿಯುವುದು ಹನ್ನೆರಡು ವರ್ಷದಷ್ಟು ಮಾತ್ರ. ಆದ್ದರಿಂದ ಇಂದು ಕಡಿಮೆ ಮಾಡಿದರೆ ಅದರ ಫಲವನ್ನು ನಮ್ಮ ಮಕ್ಕಳೇ ಕಾಣಬಹುದು.

ಹೊರದೇಶಗಳಲ್ಲಿ ಇದಕ್ಕೆ ಕಾನೂನು ಬಂದಿದೆ. ಹೈನು ಫಾರಂಗಳ ಗೊಬ್ಬರದಿಂದ ಏಳುವ ಮೀಥೇನನ್ನು 2030ರೊಳಗೆ 2013ರ ಮಟ್ಟಕ್ಕಿಂತ ಶೇ. 40ರಷ್ಟು ತಗ್ಗಿಸಬೇಕೆಂದು ಅಮೆರಿಕದ ಕ್ಯಾಲಿಫೋರ್ನಿಯಾ 2016ರಲ್ಲಿ ಕಾಯಿದೆ ಮಾಡಿತು. ದನಗಳ ಅನಿಲಕ್ಕೆ 2030ರಿಂದ ತೆರಿಗೆ ಹಾಕಲು ಡೆನ್ಮಾರ್ಕಿನಲ್ಲಿ 2024ರಲ್ಲಿ ಒಪ್ಪಂದವಾಯಿತು. 2021ರ ಜಾಗತಿಕ ಮೀಥೇನ್ ಪ್ರತಿಜ್ಞೆಗೆ ಭಾರತ ಸೇರಲಿಲ್ಲ. ಒಂದೆರಡು ಹಸು ಸಾಕಿ ಮಕ್ಕಳನ್ನು ಓದಿಸುವ ರೈತನ ಮೇಲೆ ಹಸುವಿನ ತೇಗಿನ ತೆರಿಗೆ ಬೇಡವೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಅವನ ನೆರಳಿನಲ್ಲಿ ದೊಡ್ಡ ಕೊಟ್ಟಿಗೆಯವರು ಅಡಗಬಾರದು.

ದೊಡ್ಡವರಿಗೆ ನಿಯಮ ಈಗಾಗಲೇ ಇದೆ. ದೆಹಲಿಯ ಹೈನು ಕಾಲೊನಿಗಳ ಕೊಳಕಿನ ದಾವೆ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮುಂದೆ ಹೋದ ಮೇಲೆ, 2020ರಲ್ಲಿ ಕೇಂದ್ರ ಮಂಡಳಿ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ 15 ಮತ್ತು ಅದಕ್ಕೆ ಮೇಲ್ಪಟ್ಟು ದನಗಳಿರುವವರು 1974ರ ಜಲ ಕಾಯಿದೆ, 1981ರ ವಾಯು ಕಾಯಿದೆಗಳ ಅಡಿ ರಾಜ್ಯ ಮಂಡಳಿಯ ಒಪ್ಪಿಗೆ ಪಡೆಯಬೇಕು. ಸಗಣಿಯನ್ನು ಗೋಬರ್ ಗ್ಯಾಸ್, ಎರೆಗೊಬ್ಬರ ಮುಂತಾಗಿ ಬಳಸಬೇಕು, ಚರಂಡಿಗೆ ಬಿಡಕೂಡದು. ವಾಚಕ ಬಂಧುಗಳು ಗಮನಿಸಬೇಕು: ಈ ನಿಯಮ ಗೋಶಾಲೆಗಳಿಗೂ ಅನ್ವಯಿಸುತ್ತದೆ. ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿ ಹೊಸೂರಿನಲ್ಲೇ ಇದೆ.

ಬೆಂಗಳೂರಿನ ಕೊಳಚೆ ದಕ್ಷಿಣ ಪಿನಾಕಿನಿಯಲ್ಲಿ ಹರಿದು ಬಂದು ಕೆಲವರಪಳ್ಳಿ ಅಣೆಕಟ್ಟೆಯಲ್ಲಿ ನೊರೆಯೆದ್ದಾಗಲೆಲ್ಲ ನಾವು ಹೊಸೂರಿನವರು ಬೆಂಗಳೂರನ್ನು ಬೈಯುತ್ತೇವೆ. ಬೈಯುವುದು ನ್ಯಾಯವೇ. ಆದರೆ ನಮ್ಮ ಕೊಟ್ಟಿಗೆಯ ನೀರನ್ನು ಪಕ್ಕದ ಹಳ್ಳಕ್ಕೆ ಬಿಟ್ಟುಕೊಂಡು ಆ ಮಾತು ಆಡಲು ನಮಗೆ ಬಾಯಿ ಎಲ್ಲಿ? ಅದೇ ನೀರು ಮುಂದೆ ಕೃಷ್ಣಗಿರಿ ಅಣೆಕಟ್ಟೆಗೆ ಹೋಗಿ ಗದ್ದೆಗಳಿಗೆ ಹರಿಯುತ್ತದೆ.

ಪರಿಹಾರ ಕಷ್ಟದ್ದಲ್ಲ. ಗುಂಡಿಯಿಂದ ಗಾಳಿಗೆ ಹೋದರೆ ನಷ್ಟವಾಗುವ ಅನಿಲವೇ ಗೋಬರ್ ಗ್ಯಾಸ್ ಸ್ಥಾವರದಲ್ಲಿ ಹಿಡಿದರೆ ಒಲೆಯ ಉರಿ. ಉಳಿದ ಬಗ್ಗಡ ಒಳ್ಳೆಯ ಗೊಬ್ಬರ. 2018ರಲ್ಲಿ ಆರಂಭವಾದ ಕೇಂದ್ರದ ಗೋಬರ್‌ಧನ್ ಯೋಜನೆ ಇದಕ್ಕಾಗಿಯೇ ಇದೆ. ಪೊರಕೆಯಿಂದ ಮೊದಲು ಸಗಣಿ ಬಳಿದು, ಆಮೇಲೆ ತೊಳೆದರೆ ನೀರೂ ಉಳಿಯುತ್ತದೆ, ಕೊಳಚೆಯೂ ಕಡಿಮೆ.

ನಮ್ಮ ಸಮಾಜದಲ್ಲಿ ಗೋಶಾಲೆಯ ಮೇವಿಗೆ ದಾನ ಕೊಡುವವರು ಬಹಳ, ಸಗಣಿ ಗುಂಡಿಗೆ ಕೊಡುವವರು ವಿರಳ. ಮೂಕಪ್ರಾಣಿಯನ್ನು ಕಾಪಾಡಿ, ಕೆರೆಯ ಮೀನು ಕಪ್ಪೆಗಳನ್ನು ಕೊಂದರೆ ಅದು ಯಾವ ದಯೆ? ಮುಂದಿನ ಸಲ ಗೋಶಾಲೆಗೆ ಹೋದಾಗ ಹಸುವಿಗೆ ಬೆಲ್ಲ ತಿನ್ನಿಸಿದ ಮೇಲೆ ಹಿಂಬದಿಗೂ ಹೋಗಿ ನೋಡಿರಿ. ಸಗಣಿ ಎಲ್ಲಿಗೆ ಹೋಗುತ್ತದೆಂದು ಕಮಿಟಿಯವರನ್ನು ಕೇಳಿರಿ. ದಾನದ ರಸೀದಿಯನ್ನು ಸ್ಥಾವರದ ಹೆಸರಿಗೆ ಬರೆಸಿರಿ.