ಕೊಟ್ಟಿಗೆಯ ಆವರಣಕ್ಕೆ ಭದ್ರವಾದ ಅಡ್ಡಪಟ್ಟಿ

ಕೊಟ್ಟಿಗೆಯ ಮುಂದಿನ ಬಯಲಿನಲ್ಲಿ ದನಗಳನ್ನು ಬಿಡಲು ಮರದ ಕಂಬ ನೆಟ್ಟು ಅಡ್ಡಪಟ್ಟಿ ಹೊಡೆಯುವುದು ತಮಗೆಲ್ಲ ತಿಳಿದ ಕೆಲಸ. ಆದರೆ ಕಂಬ ಗಟ್ಟಿಯಾಗಿದ್ದರೂ ಕೆಲವೇ ಮಳೆಗಾಲಗಳಲ್ಲಿ ಪಟ್ಟಿಗಳು ಸಡಿಲಗೊಳ್ಳುವುದುಂಟು. ಒಂದು ಪಟ್ಟಿ ಕಳಚಿದರೆ ಸಾಕು, ರಾತ್ರಿ ಕಳೆಯುವುದರೊಳಗೆ ದನಗಳು ಪಕ್ಕದವರ ರಾಗಿ ಪೈರಿಗೆ ನುಗ್ಗುತ್ತವೆ. ಹತ್ತಿರದಲ್ಲಿ ಕಟ್ಟೆಯಿಲ್ಲದ ಬಾವಿಯಿದ್ದರೆ ಕರುವಿನ ಜೀವಕ್ಕೇ ಅಪಾಯ. ಆದ್ದರಿಂದ ಪಟ್ಟಿಯೂ ಕಂಬವೂ ಕೂಡುವ ಜಾಗಕ್ಕೆ ಹೆಚ್ಚಿನ ಗಮನ ಕೊಡಬೇಕು.

ಸಡಿಲವಾಗಲು ಕಾರಣ

ಹಸಿ ಮರವು ಒಣಗುವಾಗ ಅಗಲದಲ್ಲಿ ಕುಗ್ಗುತ್ತದೆ. ಮೊಳೆಯ ಹಿಡಿತ ತಪ್ಪುತ್ತದೆ. ಕೂಡುವ ಜಾಗದಲ್ಲಿ ಮಳೆನೀರು ನಿಂತರೆ ಶಿಲೀಂಧ್ರ ಬೆಳೆದು ಮರ ಕೊಳೆಯುತ್ತದೆ. ಮರದ ತೇವಾಂಶವನ್ನು ಶೇ. 20ಕ್ಕಿಂತ ಕಡಿಮೆ ಇಟ್ಟರೆ ಈ ಕೊಳೆಯ ಭಯವಿಲ್ಲ. ಆದ್ದರಿಂದ ಚೆನ್ನಾಗಿ ಒಣಗಿದ, ಚೇಗುಳ್ಳ ಮರವನ್ನೇ ಆರಿಸಿಕೊಳ್ಳಿರಿ.

ಜೋಡಿಸುವ ಕ್ರಮ

1. ಪಟ್ಟಿಯನ್ನು ಕಂಬದ ಒಳಬದಿಗೆ, ಅಂದರೆ ದನಗಳಿರುವ ಬದಿಗೆ ಕೂಡಿಸಬೇಕು. ಆಗ ದನ ಮೈಯೊತ್ತಿದಷ್ಟೂ ಪಟ್ಟಿ ಕಂಬಕ್ಕೆ ಒತ್ತಿಕೊಳ್ಳುತ್ತದೆ. ಹೊರಬದಿಗೆ ಹೊಡೆದರೆ ಅದೇ ಒತ್ತಡ ಮೊಳೆಯನ್ನು ಕೀಳುತ್ತದೆ.

2. ಮೊಳೆಯ ಬದಲು ಸತು ಲೇಪಿಸಿದ 12 ಮಿ.ಮೀ. ಬೋಲ್ಟನ್ನು ಪಟ್ಟಿ, ಕಂಬ ಎರಡನ್ನೂ ತೂರಿ ಹಾಯಿಸಿ, ಎರಡು ಕಡೆಗೂ ಅಗಲವಾದ ವಾಷರ್ ಕೊಟ್ಟು ಬಿಗಿಯಿರಿ. ನಟ್ಟು ಹೊರಬದಿಗಿದ್ದರೆ ದನಗಳ ಮೈಗೆ ಗಾಯವಾಗದು.

3. ಬೋಲ್ಟಿನ ತೂತು ಪಟ್ಟಿಯ ತುದಿಯಿಂದ ಬೋಲ್ಟಿನ ದಪ್ಪದ ಏಳರಷ್ಟು, ಅಂದರೆ ಸುಮಾರು 8.5 ಸೆಂ.ಮೀ. ಒಳಗಿರಲಿ. ತುದಿಗೆ ಸಮೀಪವಾದರೆ ಪಟ್ಟಿ ಸೀಳುತ್ತದೆ.

4. ಪಟ್ಟಿ ಕೂರಲು ಕಂಬದಲ್ಲಿ ಕಚ್ಚು ತೆಗೆಯುವುದಾದರೆ ಕಂಬದ ದಪ್ಪದ ಮೂರನೇ ಒಂದು ಭಾಗವನ್ನು ಮೀರಬಾರದು. ಕಚ್ಚಿನ ತಳವನ್ನು ಹೊರಕ್ಕೆ ಇಳಿಜಾರಾಗಿ ಕೆತ್ತಿದರೆ ನೀರು ನಿಲ್ಲದೆ ಹರಿದುಹೋಗುತ್ತದೆ.

5. ಮೇಲಿನ ಸಾಲಿನ ಪಟ್ಟಿಗಳು ಒಂದು ಕಂಬದ ಮೇಲೆ ಕೂಡಿದರೆ ಕೆಳಗಿನ ಸಾಲಿನವು ಮುಂದಿನ ಕಂಬದ ಮೇಲೆ ಕೂಡುವಂತೆ ಹೊಂದಿಸಿರಿ. ಹೀಗೆ ಮಾಡಿದರೆ ಎಲ್ಲ ಭಾರವೂ ಒಂದೇ ಕಂಬದ ಮೇಲೆ ಬೀಳುವುದಿಲ್ಲ.

6. ಮರದ ಕೊಯ್ದ ತುದಿಗಳು ನೀರನ್ನು ಬೇಗ ಹೀರುತ್ತವೆ. ತುದಿ, ಕಚ್ಚು ಮತ್ತು ತೂತುಗಳಿಗೆ ಜೋಡಿಸುವ ಮೊದಲೇ ಅಗಸೆ ಎಣ್ಣೆಯನ್ನು ಎರಡು ಸಲ ಹಚ್ಚಿ ಒಣಗಿಸಬೇಕು.

ಎಚ್ಚರಿಕೆ

ಬಳಸಿ ಬಿಟ್ಟ ಎಂಜಿನ್ ಎಣ್ಣೆಯನ್ನು ಎಂದಿಗೂ ಹಚ್ಚಬೇಡಿರಿ. ದನಗಳು ಪಟ್ಟಿಯನ್ನು ನೆಕ್ಕುತ್ತವೆ. ಅಂಥ ಎಣ್ಣೆಯಲ್ಲಿ ಸೀಸದಂಥ ವಿಷಕಾರಿ ಲೋಹಗಳಿರಬಹುದು.

ಮೊದಲ ಬೇಸಿಗೆ ಕಳೆದ ಮೇಲೆ ಮರ ಇನ್ನಷ್ಟು ಕುಗ್ಗಿರುತ್ತದೆ. ಆಗ ಎಲ್ಲ ನಟ್ಟುಗಳನ್ನೂ ಮತ್ತೊಮ್ಮೆ ಬಿಗಿಯಬೇಕು. ಬಳಿಕ ಪ್ರತಿವರ್ಷ ಮುಂಗಾರಿಗೆ ಮೊದಲು ಒಂದೊಂದು ಪಟ್ಟಿಯನ್ನೂ ಕೈಯಿಂದ ಅಲುಗಾಡಿಸಿ ನೋಡಿರಿ. ಬೋಲ್ಟಿಗೆ ಮಾಡುವ ಖರ್ಚು ಒಂದು ಕರುವಿನ ಬೆಲೆಯ ಮುಂದೆ ಅಲ್ಪವೇ ಸರಿ.